ಪಕ್ಕದ ದೇಶದ ಜನಾಂಗೀಯ ಯುದ್ಧ: ಸೈನ್ಯ ಕಳಿಸಬೇಕಾ, ಮಾತಾಡಬೇಕಾ?

ಪ್ರಶ್ನೆ: ನಾನು ರಾಜ್ಯಶಾಸ್ತ್ರದ ಎಂ.ಎ. ವಿದ್ಯಾರ್ಥಿನಿ. ನಮ್ಮ ದೊಡ್ಡಪ್ಪ 1987ರಲ್ಲಿ ಐಪಿಕೆಎಫ್ (ಭಾರತೀಯ ಶಾಂತಿಪಾಲನಾ ಪಡೆ) ಜೊತೆ ಶ್ರೀಲಂಕಾಕ್ಕೆ ಹೋಗಿದ್ದವರು. "ನಮ್ಮ ಕೈ ಕಟ್ಟಿ ಯುದ್ಧಕ್ಕೆ ಕಳಿಸಿದರು, ಇಲ್ಲದಿದ್ದರೆ ಒಂದೇ ತಿಂಗಳಲ್ಲಿ ಮುಗಿಸುತ್ತಿದ್ದೆವು" ಅಂತ ಈಗಲೂ ಹೇಳುತ್ತಾರೆ. ಯುಗೊಸ್ಲಾವಿಯಾದ ಕೊಸೊವೊ ಪ್ರಾಂತ್ಯದ ವಿಷಯದಲ್ಲಿ ನ್ಯಾಟೊ (ಅಮೆರಿಕ, ಯುರೋಪ್ ದೇಶಗಳ ಸೈನಿಕ ಕೂಟ) 78 ದಿನ ಬಾಂಬ್ ಹಾಕಿ, ನೆಲಕ್ಕೆ ಸೈನ್ಯ ಇಳಿಸದೆ ಗೆದ್ದಿತು ಅಂತ ಪಾಠದಲ್ಲಿ ಓದಿದೆ. 1971ರ ಬಾಂಗ್ಲಾ ಯುದ್ಧದಲ್ಲಿ ನಾವೂ ಎರಡೇ ವಾರದಲ್ಲಿ ಗೆದ್ದೆವು. ಹಾಗಾದರೆ ಶ್ರೀಲಂಕಾದಲ್ಲಿ ಏನು ತಪ್ಪಾಯಿತು? ಜನಾಂಗಗಳ ಹಳೆಯ ದ್ವೇಷಕ್ಕೆ ಹೊರಗಿನವರು ಏನೂ ಮಾಡಲಾಗದು ಅಂತ ನಮ್ಮ ಮೇಷ್ಟ್ರು ಹೇಳುತ್ತಾರೆ. ಅದು ನಿಜವಾ? ನಿಜವಾದರೆ ಸುಮ್ನೆ ನೋಡುತ್ತಾ ಕೂರುವುದು ಸರಿಯಾ? ಹೊರಗಿನ ದೇಶಕ್ಕೆ ಇರುವ ದಾರಿಗಳೇನು?

ಉತ್ತರ: ನಿಮ್ಮ ಪ್ರಶ್ನೆಯ ಒಳಗೆ ಎರಡು ಸಂಕಟಗಳಿವೆ. ದೊಡ್ಡಪ್ಪನಂಥವರು ಪಟ್ಟ ಪಾಡು ಯಾರದೋ ತಪ್ಪು ಲೆಕ್ಕಕ್ಕೆ ವ್ಯರ್ಥವಾಯಿತಾ ಅನ್ನುವುದು ಒಂದು. ಕಣ್ಣೆದುರು ಜನ ಸಾಯುವಾಗ ಹೊರಗಿನವರು ಮಾಡಬಹುದಾದದ್ದು ಏನಾದರೂ ಇದೆಯಾ ಅನ್ನುವುದು ಇನ್ನೊಂದು. ಶಾಂತಿಪಾಲನೆಗೆ ಹೊರಡುವ ಅಧಿಕಾರಿಗಳಿಗೆ ಪಾಠ ಮಾಡುವುದು ನನ್ನ ಕೆಲಸ. ಅವರೂ ಸುತ್ತಿ ಬಳಸಿ ಇದನ್ನೇ ಕೇಳುತ್ತಾರೆ.

ಎರಡನೆಯದಕ್ಕೆ ಮೊದಲೇ ಹೇಳಿಬಿಡುತ್ತೇನೆ: ದಾರಿಗಳಿವೆ, ಬೇಕಾದಷ್ಟಿವೆ. ಆದರೆ ಯಾವ ದಾರಿ ಹಿಡಿದರೂ ಮೊದಲು ಒಂದು ವಿಷಯ ಗೊತ್ತಿರಬೇಕು. ಸೈನ್ಯ ಯಾವ ಒಪ್ಪಂದವನ್ನು ಕಾಯಲು ಹೋಗುತ್ತಿದೆ? ಅದಕ್ಕೆ ಸಹಿ ಹಾಕಿದವರು ಯಾರು? ಬಂದೂಕು ಹಿಡಿದವರು ಅವರ ಮಾತು ಕೇಳುತ್ತಾರಾ? ನೀವು ಹೆಸರಿಸಿದ ಮೂರೂ ಯುದ್ಧಗಳ ಗತಿ ಬೇರೆ ಬೇರೆ ಆಗಿದ್ದು ಮುಖ್ಯವಾಗಿ ಇಲ್ಲೇ. ಸೈನಿಕರ ಧೈರ್ಯ, ವಿಮಾನಗಳ ಸಂಖ್ಯೆ ಎಲ್ಲ ಆಮೇಲಿನ ಮಾತು.

ಮೇಷ್ಟ್ರ ಮಾತಿನಿಂದ ಶುರು ಮಾಡೋಣ. "ಹಳೆಯ ದ್ವೇಷ" ಅನ್ನುವ ವಿವರಣೆ ಯುಗೊಸ್ಲಾವಿಯಾ ಒಡೆದಾಗ ನಡೆದ ಬೋಸ್ನಿಯಾ ಯುದ್ಧದ ಕಾಲದಲ್ಲಿ ಪಶ್ಚಿಮದ ರಾಜಧಾನಿಗಳಲ್ಲೂ ಜೋರಾಗಿ ಓಡಾಡಿತು. ಏನೂ ಮಾಡದೆ ಕೂರುವುದಕ್ಕೆ ಅದು ಒಳ್ಳೆಯ ನೆಪ. ಶ್ರೀಲಂಕಾದ ಕಥೆಯನ್ನೇ ನೋಡಿ. ಸ್ವಾತಂತ್ರ್ಯ ಬಂದ 1948ರಲ್ಲೇ ಪೌರತ್ವ ಕಾಯ್ದೆ ಬಂತು, ಟೀ ತೋಟಗಳ ಲಕ್ಷಾಂತರ ತಮಿಳರು ಯಾವ ದೇಶಕ್ಕೂ ಸೇರದವರಾದರು. 1956ರಲ್ಲಿ ಸಿಂಹಳ ಒಂದೇ ಅಧಿಕೃತ ಭಾಷೆ ಎಂಬ ಕಾಯ್ದೆ ಆಯಿತು. 1957ರಲ್ಲಿ ಪ್ರಧಾನಿ ಬಂಡಾರನಾಯಿಕೆ ಮತ್ತು ತಮಿಳು ನಾಯಕ ಚೆಲ್ವನಾಯಗಂ ಕೂತು ಪ್ರಾದೇಶಿಕ ಮಂಡಳಿಗಳ ಒಪ್ಪಂದ ಮಾಡಿಕೊಂಡರು. ಭಿಕ್ಷುಗಳು ಮತ್ತು ವಿರೋಧ ಪಕ್ಷದವರು ಬೀದಿಗಿಳಿದರು, ಮರುವರ್ಷ ಪ್ರಧಾನಿ ಅದನ್ನು ಕೈಬಿಟ್ಟರು. 1970ರ ದಶಕದಲ್ಲಿ ವಿಶ್ವವಿದ್ಯಾಲಯದ ಪ್ರವೇಶ ನಿಯಮ ಬದಲಾಗಿ, ತಮಿಳು ಹುಡುಗರಿಗೆ ಸೀಟು ಸಿಗಲು ಜಾಸ್ತಿ ಅಂಕ ಬೇಕಾಯಿತು. 1981ರಲ್ಲಿ ಜಾಫ್ನಾದ ಸಾರ್ವಜನಿಕ ಗ್ರಂಥಾಲಯಕ್ಕೆ ಬೆಂಕಿ ಇಟ್ಟರು. 1983ರ ಜುಲೈಯಲ್ಲಿ ಪ್ರತ್ಯೇಕತಾವಾದಿಗಳು 13 ಸೈನಿಕರನ್ನು ಕೊಂದರು. ಅದರ ಬೆನ್ನಿಗೆ ಕೊಲಂಬೊದಲ್ಲಿ ಗುಂಪುಗಳು ಮತದಾರರ ಪಟ್ಟಿ ಹಿಡಿದು ತಮಿಳರ ಮನೆ, ಅಂಗಡಿ ಹುಡುಕಿ ಸುಟ್ಟವು.

ಇದರಲ್ಲಿ ಯಾವುದು ತಾನಾಗಿ ಆದದ್ದು ಹೇಳಿ? ಪ್ರತಿಯೊಂದರ ಹಿಂದೆ ಯಾರದೋ ನಿರ್ಧಾರ ಇದೆ, ಚುನಾವಣೆಯ ಲೆಕ್ಕ ಇದೆ. ಮತದಾರರ ಪಟ್ಟಿ ಹಿಡಿದು ಬರುವ ಗುಂಪಿಗೆ ಆ ಪಟ್ಟಿಯನ್ನು ಯಾರೋ ಕೊಟ್ಟಿರಬೇಕಲ್ವಾ? ಕೊಸೊವೊದಲ್ಲೂ ಇದೇ ರೀತಿ. 1974ರ ಯುಗೊಸ್ಲಾವ್ ಸಂವಿಧಾನ ಅಲ್ಲಿನ ಅಲ್ಬೇನಿಯನ್ನರಿಗೆ ಸ್ವಾಯತ್ತತೆ ಕೊಟ್ಟಿತ್ತು. 1989ರಲ್ಲಿ ಸರ್ಬಿಯಾದ ನಾಯಕ ಮಿಲೊಸೆವಿಚ್ ಅದನ್ನು ಕಿತ್ತುಕೊಂಡರು. ಜನ ತಲೆಮಾರುಗಳ ಕಾಲ ಅಕ್ಕಪಕ್ಕ ಬದುಕಿದ್ದರು. ಸಿಟ್ಟು, ಅನುಮಾನ ಇರಲಿಲ್ಲ ಅಂತ ನಾನು ಹೇಳುವುದಿಲ್ಲ. ಅದನ್ನು ಯುದ್ಧವಾಗಿ ಮಾಡಿದ್ದು ರಾಜಕಾರಣ. ಅದಕ್ಕೇ ಹೊರಗಿನವರು ಮಾಡಬಹುದಾದ ಕೆಲಸ ಅಂತ ಒಂದು ಇದೆ. ನಿರ್ಧಾರ ತೆಗೆದುಕೊಂಡವರ ಮೇಲೆ ಒತ್ತಡ ಹಾಕಬಹುದು. ಬೇಗ ಹಾಕಿದಷ್ಟೂ ಕಡಿಮೆ ಜನ ಸಾಯುತ್ತಾರೆ.

ಈಗ 1987. ಭಾರತ ನೇರವಾಗಿ ಸೈನ್ಯ ಕಳಿಸಲಿಲ್ಲ ಅನ್ನುವುದನ್ನು ಬಹಳ ಜನ ಮರೆಯುತ್ತಾರೆ. 1983ರ ನಂತರ ಭಾರತದ ರಾಜತಾಂತ್ರಿಕ ಜಿ. ಪಾರ್ಥಸಾರಥಿ ದೆಹಲಿ ಮತ್ತು ಕೊಲಂಬೊ ನಡುವೆ ಓಡಾಡಿ ಅಧಿಕಾರ ಹಂಚಿಕೆಯ ಒಂದು ಕರಡು ಮಾಡಿದರು. 1985ರಲ್ಲಿ ಭೂತಾನದ ಥಿಂಪುವಿನಲ್ಲಿ ಶ್ರೀಲಂಕಾ ಸರ್ಕಾರವನ್ನೂ ತಮಿಳು ಗುಂಪುಗಳನ್ನೂ ಒಟ್ಟಿಗೆ ಕೂರಿಸಿದ್ದಾಯಿತು. ಆದರೆ ಅದೇ ವರ್ಷಗಳಲ್ಲಿ ನಾವೇ ಆ ಗುಂಪುಗಳಿಗೆ ತರಬೇತಿ, ಶಸ್ತ್ರ ಕೊಡುತ್ತಿದ್ದೆವು. ಒಂದು ಕೈಯಲ್ಲಿ ಮಧ್ಯಸ್ಥಿಕೆ, ಇನ್ನೊಂದು ಕೈಯಲ್ಲಿ ಬಂದೂಕು. ಕೊಲಂಬೊ ನಮ್ಮನ್ನು ನಂಬಲಿಲ್ಲ. ಗುಂಪುಗಳು, ಅದರಲ್ಲೂ ಪ್ರತ್ಯೇಕ ತಮಿಳು ರಾಜ್ಯಕ್ಕೆ ಹೋರಾಡುತ್ತಿದ್ದ ಎಲ್‌ಟಿಟಿಇ, ನಮ್ಮನ್ನು ಬಳಸಿಕೊಂಡವು. ದುರ್ಬಲರಿಗೆ ಶಸ್ತ್ರ ಕೊಟ್ಟು ಸಮ ಮಾಡೋಣ ಅನ್ನುವ ದಾರಿಯ ಅಪಾಯ ಇದು. ಕೊಟ್ಟ ಬಂದೂಕನ್ನು ವಾಪಸ್ ಕೇಳಲು ಆಗುವುದಿಲ್ಲ. ಅದು ಯಾರ ಕಡೆ ತಿರುಗಬೇಕು ಅನ್ನುವುದನ್ನು ಹಿಡಿದವನೇ ತೀರ್ಮಾನಿಸುತ್ತಾನೆ.

1987ರ ಮೇ ಕೊನೆಗೆ ಶ್ರೀಲಂಕಾ ಸೈನ್ಯ ಜಾಫ್ನಾದ ವಡಮರಾಚ್ಚಿ ಭಾಗಕ್ಕೆ ನುಗ್ಗಿತು. ಜಾಫ್ನಾದ ಮೇಲೆ ಮೊದಲೇ ಇಂಧನ ಮತ್ತು ಸರಕಿನ ದಿಗ್ಬಂಧನ ಇತ್ತು. ಜೂನ್ 3ರಂದು ಭಾರತ ದೋಣಿಗಳಲ್ಲಿ ಪರಿಹಾರ ಸಾಮಗ್ರಿ ಕಳಿಸಿತು, ಶ್ರೀಲಂಕಾ ನೌಕಾಪಡೆ ತಡೆದು ವಾಪಸ್ ಕಳಿಸಿತು. ಮರುದಿನ ಬೆಂಗಳೂರಿನಿಂದ ಹೊರಟ ಎಎನ್-32 ವಿಮಾನಗಳು, ಬೆಂಗಾವಲಿಗೆ ಮಿರಾಜ್-2000ಗಳನ್ನು ಇಟ್ಟುಕೊಂಡು, ಜಾಫ್ನಾದ ಮೇಲೆ ಸುಮಾರು 25 ಟನ್ ಸಾಮಗ್ರಿ ಉದುರಿಸಿದವು. ಅದೇ ಆಪರೇಷನ್ ಪೂಮಾಲೈ. ಅಷ್ಟು ದೊಡ್ಡ ಜನಸಂಖ್ಯೆಗೆ 25 ಟನ್ ಏನೇನೂ ಸಾಲದು, ಅದು ಎಲ್ಲರಿಗೂ ಗೊತ್ತಿತ್ತು. "ನಾವು ಬರಬಲ್ಲೆವು, ನೀವು ತಡೆಯಲಾರಿರಿ" ಅನ್ನುವುದೇ ಸಂದೇಶ. ಸಂದೇಶ ಮುಟ್ಟಿತು. ಎರಡು ತಿಂಗಳೊಳಗೆ, ಜುಲೈ 29ರಂದು, ರಾಜೀವ್ ಗಾಂಧಿ ಮತ್ತು ಅಧ್ಯಕ್ಷ ಜಯವರ್ಧನೆ ಕೊಲಂಬೊದಲ್ಲಿ ಒಪ್ಪಂದಕ್ಕೆ ಸಹಿ ಹಾಕಿದರು.

ಆ ಒಪ್ಪಂದದ ಒಕ್ಕಣೆ ಕೆಟ್ಟದ್ದಲ್ಲ. ಉತ್ತರ ಮತ್ತು ಪೂರ್ವ ಸೇರಿ ಒಂದು ಪ್ರಾಂತ್ಯ, ಚುನಾಯಿತ ಮಂಡಳಿ, ತಮಿಳಿಗೂ ಅಧಿಕೃತ ಸ್ಥಾನ, ಪೂರ್ವದಲ್ಲಿ ಜನಮತಗಣನೆ. 48 ಗಂಟೆಯೊಳಗೆ ಕದನ ವಿರಾಮ, ಅದಾದ 72 ಗಂಟೆಯೊಳಗೆ ತಮಿಳು ಗುಂಪುಗಳು ಶಸ್ತ್ರ ಒಪ್ಪಿಸಬೇಕು. ಈಗ ಸಹಿಗಳನ್ನು ನೋಡಿ. ಎರಡೇ ಸಹಿ: ದೆಹಲಿ ಮತ್ತು ಕೊಲಂಬೊ. ಶಸ್ತ್ರ ಒಪ್ಪಿಸಬೇಕಾದವರ ಸಹಿ ಅಲ್ಲಿ ಇಲ್ಲವೇ ಇಲ್ಲ. ಎಲ್‌ಟಿಟಿಇ ನಾಯಕ ಪ್ರಭಾಕರನ್ ಅವರನ್ನು ದೆಹಲಿಗೆ ಕರೆಸಿ, ಹೋಟೆಲಿನಲ್ಲಿ ಕಾವಲಿಟ್ಟು, ಒಪ್ಪಿಕೋ ಅಂತ ಒತ್ತಾಯ ಮಾಡಲಾಯಿತು. ಆಗಸ್ಟ್ 4ರಂದು ಸುತುಮಲೈನಲ್ಲಿ ದೊಡ್ಡ ಜನಸಭೆಯ ಮುಂದೆ ಅವರು, ದೊಡ್ಡ ಶಕ್ತಿಯ ಒತ್ತಡಕ್ಕೆ ಬೇರೆ ದಾರಿಯಿಲ್ಲದೆ ಶಸ್ತ್ರ ಒಪ್ಪಿಸುತ್ತಿದ್ದೇವೆ ಎಂಬ ಅರ್ಥದ ಮಾತಾಡಿದರು. ಒಪ್ಪಿಸಿದ್ದು ನಾಮ್ಕೇವಾಸ್ತೆ ಒಂದಷ್ಟು. ಅತ್ತ ಸಿಂಹಳರಲ್ಲೂ ಸಿಟ್ಟು ಕುದಿಯುತ್ತಿತ್ತು. ಸಹಿ ಹಾಕಿದ ಮರುದಿನವೇ ಗೌರವ ವಂದನೆಯ ಸಾಲಿನಲ್ಲಿದ್ದ ನೌಕಾಪಡೆಯ ಒಬ್ಬ ಸೈನಿಕ ರಾಜೀವ್ ಗಾಂಧಿಯವರಿಗೆ ಬಂದೂಕಿನ ಹಿಡಿಯಿಂದ ಹೊಡೆದ. ದಕ್ಷಿಣದಲ್ಲಿ ಜೆವಿಪಿ ಎಂಬ ಎಡಪಂಥೀಯ ಸಿಂಹಳ ಪಕ್ಷ ಭಾರತ ವಿರೋಧವನ್ನೇ ಬಂಡವಾಳ ಮಾಡಿಕೊಂಡು ದಂಗೆ ಎದ್ದಿತು.

ನಿಮ್ಮ ದೊಡ್ಡಪ್ಪ ಇಳಿದದ್ದು ಇಂಥ ಜಾಗಕ್ಕೆ. ಅವರಿಗೆ ಹೇಳಿದ್ದು ಶಾಂತಿ ಕಾಯುವ ಕೆಲಸ. ಮೊದಲ ವಾರಗಳಲ್ಲಿ ಜಾಫ್ನಾದ ಜನ ಹೂಮಾಲೆ ಹಾಕಿ ಸ್ವಾಗತಿಸಿದ್ದೂ ನಿಜ. ಅಕ್ಟೋಬರ್ ಮೊದಲ ವಾರದಲ್ಲಿ ಶ್ರೀಲಂಕಾ ನೌಕಾಪಡೆ ಸಮುದ್ರದಲ್ಲಿ 17 ಎಲ್‌ಟಿಟಿಇ ಸದಸ್ಯರನ್ನು ಹಿಡಿಯಿತು. ಅದರಲ್ಲಿ ಪುಲೇಂದಿರನ್, ಕುಮರಪ್ಪ ಅನ್ನುವ ಇಬ್ಬರು ಹಿರಿಯ ನಾಯಕರಿದ್ದರು. ಅವರನ್ನು ವಿಚಾರಣೆಗೆ ಕೊಲಂಬೊಗೆ ಒಯ್ಯಬೇಕು ಅಂತ ಸರ್ಕಾರ ಹಟ ಹಿಡಿಯಿತು. ಒಪ್ಪಂದದ ಪ್ರಕಾರ ಕ್ಷಮಾದಾನ ಇದೆ, ಬಿಡಿ ಅಂತ ಎಲ್‌ಟಿಟಿಇ ಹಟ ಹಿಡಿಯಿತು. ನಡುವೆ ನಿಂತ ಭಾರತಕ್ಕೆ ಎರಡೂ ಕಡೆಯವರನ್ನು ಒಂದು ಮಾತಿಗೆ ತರಲು ಆಗಲಿಲ್ಲ. ಅಕ್ಟೋಬರ್ 5ರಂದು ಪಲಾಲಿ ನೆಲೆಯಲ್ಲಿ ಅವರು ಸಯನೈಡ್ ನುಂಗಿದರು, 12 ಜನ ಸತ್ತರು. ಅದಾದ ಮೇಲೆ ಪೂರ್ವದಲ್ಲಿ ಸಿಂಹಳ ನಾಗರಿಕರ ಕಗ್ಗೊಲೆಗಳಾದವು. ಒಂದೇ ವಾರದಲ್ಲಿ ಶಾಂತಿಪಾಲನಾ ಪಡೆ ಯುದ್ಧಕ್ಕೆ ಇಳಿದಿತ್ತು.

ಅಕ್ಟೋಬರ್ 11ರ ರಾತ್ರಿ ಜಾಫ್ನಾ ವಿಶ್ವವಿದ್ಯಾಲಯದ ಮೈದಾನಕ್ಕೆ ಹೆಲಿಕಾಪ್ಟರುಗಳಲ್ಲಿ ಪ್ಯಾರಾ ಕಮಾಂಡೊಗಳನ್ನೂ 13ನೇ ಸಿಖ್ ಲೈಟ್ ಇನ್‌ಫ್ಯಾಂಟ್ರಿಯ ಒಂದು ತುಕಡಿಯನ್ನೂ ಇಳಿಸಿದರು. ಎಲ್‌ಟಿಟಿಇಯ ಮುಖ್ಯ ನಾಯಕರನ್ನು ಅಲ್ಲೇ ಹಿಡಿಯುವ ಯೋಜನೆ. ಅವರು ನಮ್ಮ ರೇಡಿಯೊ ಮಾತುಗಳನ್ನು ಮೊದಲೇ ಕದ್ದು ಕೇಳಿ, ಕಾದು ಕೂತಿದ್ದರು. ಹೆಲಿಕಾಪ್ಟರುಗಳಿಗೆ ಗುಂಡು ತಗುಲಿ ಮುಂದಿನ ತಂಡಗಳು ಬರಲಿಲ್ಲ. ಸಿಖ್ ತುಕಡಿಯ 30 ಜನರಲ್ಲಿ 29 ಜನ ಅಲ್ಲೇ ಸತ್ತರು, ಒಬ್ಬರು ಸೆರೆಯಾದರು. ಗುಂಡು ಮುಗಿದ ಮೇಲೆ ಬಯೊನೆಟ್ ಹಿಡಿದು ನುಗ್ಗಿದರು ಅನ್ನುತ್ತಾರೆ. ಈ ಪಾಠ ಮಾಡುವ ದಿನ ತರಗತಿಯಲ್ಲಿ ಯಾರೂ ಬೇಗ ಎದ್ದು ಹೋಗುವುದಿಲ್ಲ.

ಇನ್ನು "ಕೈ ಕಟ್ಟಿ ಕಳಿಸಿದರು" ಅನ್ನುವ ಮಾತು. ಅದರಲ್ಲಿ ಸತ್ಯಾಂಶ ಇದೆ. ಜನವಸತಿ ಇರುವ ಕಡೆ ಭಾರೀ ಫಿರಂಗಿ, ವಾಯುದಾಳಿ ಬಳಸಬಾರದು ಅಂತ ಮಿತಿ ಹಾಕಿದ್ದರು. ಗುಪ್ತಚರ ಮಾಹಿತಿ ಕಳಪೆಯಾಗಿತ್ತು. ಎಲ್‌ಟಿಟಿಇ ನಮ್ಮ ವಿರುದ್ಧ ಹೋರಾಡುವುದಿಲ್ಲ ಅಂತ ಮೇಲಿನವರು ನಂಬಿದ್ದರು. ಆದರೆ ಕೈ ಬಿಚ್ಚಿಬಿಟ್ಟಿದ್ದರೆ ಒಂದು ತಿಂಗಳಲ್ಲಿ ಮುಗಿಯುತ್ತಿತ್ತು ಅನ್ನುವುದನ್ನು ನಾನು ಒಪ್ಪುವುದಿಲ್ಲ. ಯಾಕೆಂದರೆ ಜಾಫ್ನಾ ಪಟ್ಟಣವನ್ನು ಆ ಮಿತಿಗಳ ನಡುವೆಯೂ ಅಕ್ಟೋಬರ್ ಮುಗಿಯುವುದರೊಳಗೆ ಗೆದ್ದಿದ್ದರು. ಕಷ್ಟ ಶುರುವಾದದ್ದು ಗೆದ್ದ ಮೇಲೆ. ಗೆದ್ದ ಊರನ್ನು ಯಾರ ಕೈಗೆ ಕೊಡುವುದು? ಹಾಗೆಯೇ ಮಿತಿ ಹಾಕಿದ ಈ ಯುದ್ಧದಲ್ಲೇ ಜಾಫ್ನಾ ಆಸ್ಪತ್ರೆಯೊಳಗೆ ವೈದ್ಯರು, ನರ್ಸ್‌ಗಳು, ರೋಗಿಗಳು ಸೇರಿ ಹತ್ತಾರು ಜನ ಸತ್ತರು. ಗುಂಡಿನ ಚಕಮಕಿಯಲ್ಲಿ ಸತ್ತರು ಅಂತ ಭಾರತ ಹೇಳಿತು. ನಮ್ಮ ಸೈನಿಕರೇ ಕೊಂದರು ಅಂತ ಬದುಕುಳಿದವರು ಹೇಳಿದರು. ಹೂಮಾಲೆ ಹಾಕಿದ್ದ ಜನ ಮುಖ ತಿರುಗಿಸಿದರು. ಮಿತಿ ತೆಗೆದಿದ್ದರೆ ಇಂಥದ್ದು ಇನ್ನೆಷ್ಟು ಆಗುತ್ತಿತ್ತು ಯೋಚಿಸಿ. ಕೊನೆಗೆ ಕೊಲಂಬೊದಲ್ಲಿ ಪ್ರೇಮದಾಸ ಅಧ್ಯಕ್ಷರಾದರು. 1989ರಲ್ಲಿ ಅವರು ಐಪಿಕೆಎಫ್ ಹೊರಡಬೇಕು ಅಂದರು, ಎಲ್‌ಟಿಟಿಇಗೆ ಶಸ್ತ್ರವನ್ನೂ ಕೊಟ್ಟರು. 1990ರ ಮಾರ್ಚ್ 24ರಂದು ಕೊನೆಯ ತುಕಡಿ ಹೊರಟಿತು. ಸುಮಾರು 1,200 ಭಾರತೀಯ ಸೈನಿಕರು ಸತ್ತಿದ್ದರು. ಮರುವರ್ಷ ಶ್ರೀಪೆರಂಬದೂರಿನಲ್ಲಿ ರಾಜೀವ್ ಗಾಂಧಿಯವರ ಹತ್ಯೆಯಾಯಿತು. ಆಹ್ವಾನಿಸಿದ ಸರ್ಕಾರ, ಕಾಯಬೇಕಾಗಿದ್ದ ಜನ, ಶಸ್ತ್ರ ಹಿಡಿದ ಗುಂಪು, ಮೂವರೂ ನಮ್ಮ ವಿರುದ್ಧ ತಿರುಗಿದ್ದರು. ಅಂಥ ಕಡೆ ಎಷ್ಟು ಬೆಟಾಲಿಯನ್ ಇದ್ದರೂ ಸಾಲುವುದಿಲ್ಲ.

1971ರ ಜೊತೆ ಹೋಲಿಸಿ ನೋಡಿ, ವ್ಯತ್ಯಾಸ ಎದ್ದು ಕಾಣುತ್ತದೆ. ಪೂರ್ವ ಪಾಕಿಸ್ತಾನದ 169 ಸ್ಥಾನಗಳಲ್ಲಿ 167 ಸ್ಥಾನ ಗೆದ್ದ ಅವಾಮಿ ಲೀಗ್ ಇತ್ತು. ಜನರ ಪರವಾಗಿ ಯಾರು ಮಾತಾಡಬೇಕು ಅನ್ನುವ ಗೊಂದಲವೇ ಇರಲಿಲ್ಲ. ಏಪ್ರಿಲ್‌ನಲ್ಲೇ ತಾತ್ಕಾಲಿಕ ಸರ್ಕಾರ ರಚನೆಯಾಗಿತ್ತು. ಮಾರ್ಚ್ 25ರ ದಮನದ ನಂತರ ಸುಮಾರು ಒಂದು ಕೋಟಿ ನಿರಾಶ್ರಿತರು ಬಂದರೂ ಭಾರತ ತಕ್ಷಣ ಸೈನ್ಯ ನುಗ್ಗಿಸಲಿಲ್ಲ. ಆಗಸ್ಟ್‌ನಲ್ಲಿ ಸೋವಿಯತ್ ಒಕ್ಕೂಟದ ಜೊತೆ ಒಪ್ಪಂದವಾಯಿತು. ಇಂದಿರಾ ಗಾಂಧಿ ಪಶ್ಚಿಮದ ರಾಜಧಾನಿಗಳಿಗೆ ಹೋಗಿ ಪರಿಸ್ಥಿತಿ ವಿವರಿಸಿದರು. ಡಿಸೆಂಬರ್ ಹೊತ್ತಿಗೆ ವಿಶ್ವಸಂಸ್ಥೆಯ ಭದ್ರತಾ ಮಂಡಳಿಯಲ್ಲಿ ನಮ್ಮ ಪರ ಸೋವಿಯತ್ ವೀಟೊ ಇತ್ತು, ಹಿಮಾಲಯದ ಕಣಿವೆಗಳಲ್ಲಿ ಹಿಮ ಬಿದ್ದು ಚೀನಾ ನುಗ್ಗುವ ದಾರಿಯೂ ಕಷ್ಟವಾಗಿತ್ತು. "ಎರಡೇ ವಾರದಲ್ಲಿ ಗೆದ್ದೆವು" ಅನ್ನುತ್ತೀರಿ. ಆ ಎರಡು ವಾರದ ಹಿಂದೆ ಎಂಟು ತಿಂಗಳ ರಾಜತಾಂತ್ರಿಕ ಕೆಲಸ ಇದೆ. ಮುಗಿದ ಮೂರೇ ತಿಂಗಳಲ್ಲಿ, 1972ರ ಮಾರ್ಚ್‌ನಲ್ಲಿ, ಸೈನ್ಯ ವಾಪಸ್ ಬಂತು. ಅಧಿಕಾರ ಹಸ್ತಾಂತರ ಮಾಡಲು ಅಲ್ಲಿ ಒಂದು ಸರ್ಕಾರ ಕಾದಿತ್ತು.

ಕೊಸೊವೊ ಬಗ್ಗೆ ನೀವು ಓದಿದ್ದು ಅರ್ಧ ಕಥೆ. 1998ರ ಕೊನೆಗೆ ಅಲ್ಲಿ ಶಸ್ತ್ರವಿಲ್ಲದ ಅಂತರರಾಷ್ಟ್ರೀಯ ವೀಕ್ಷಕರು ಇದ್ದರು. 1999ರ ಜನವರಿಯಲ್ಲಿ ರಾಚಾಕ್ ಹಳ್ಳಿಯಲ್ಲಿ 45 ಜನರ ಹೆಣ ಸಿಕ್ಕಿತು. ಫ್ರಾನ್ಸಿನ ರಾಂಬುಯೆಯಲ್ಲಿ ನಡೆದ ಶಾಂತಿ ಮಾತುಕತೆ ಮುರಿದುಬಿತ್ತು. ಮಾರ್ಚ್ 24ರಂದು ಬಾಂಬ್ ದಾಳಿ ಶುರುವಾಯಿತು. ಕೆಲವೇ ದಿನಗಳಲ್ಲಿ ಮಿಲೊಸೆವಿಚ್ ಬಾಗುತ್ತಾರೆ ಅಂತ ಲೆಕ್ಕ ಹಾಕಿದ್ದರು. ಆದದ್ದು ಉಲ್ಟಾ. ವೀಕ್ಷಕರು ಹೊರಟುಹೋಗಿದ್ದರು, ನೆಲದ ಮೇಲೆ ಜನರನ್ನು ಕಾಯುವವರು ಯಾರೂ ಇರಲಿಲ್ಲ. ಸರ್ಬಿಯಾದ ಪಡೆಗಳು ಹಳ್ಳಿ ಹಳ್ಳಿ ಖಾಲಿ ಮಾಡಿಸಿದವು. ದಾಳಿ ನಡೆದ ಆ ಕೆಲವೇ ವಾರಗಳಲ್ಲಿ 8 ಲಕ್ಷಕ್ಕೂ ಜಾಸ್ತಿ ಅಲ್ಬೇನಿಯನ್ನರು ಗಡಿ ದಾಟಿದರು. 15,000 ಅಡಿ ಎತ್ತರದಲ್ಲಿ ಹಾರುವ ಪೈಲಟ್‌ಗೆ ಒಂದು ಮನೆಯ ಬಾಗಿಲು ಒದೆಯುವ ಪೊಲೀಸನನ್ನು ತಡೆಯಲು ಆಗುವುದಿಲ್ಲ. ಇದು ತಂತ್ರಜ್ಞಾನದ ಕೊರತೆಯ ಮಾತಲ್ಲ, ವಾಯುದಾಳಿಯ ಸ್ವಭಾವವೇ ಹಾಗೆ. ಬೆಲ್‌ಗ್ರೇಡ್‌ನ ಚೀನಾ ರಾಯಭಾರ ಕಚೇರಿಯ ಮೇಲೂ ಬಾಂಬ್ ಬಿತ್ತು, ಮೂವರು ಸತ್ತರು.

ಹಾಗಾದರೆ ಕೊನೆಗೆ ಮಿಲೊಸೆವಿಚ್ ಬಾಗಿದ್ದು ಯಾಕೆ? ಬಾಂಬ್ ಒಂದು ಕಾರಣ. ನೆಲದಿಂದಲೂ ದಾಳಿ ಬರಬಹುದು ಅನ್ನುವ ಮಾತು ಆಗ ಗಟ್ಟಿಯಾಗುತ್ತಿತ್ತು. ಎಲ್ಲಕ್ಕಿಂತ ಮುಖ್ಯವಾಗಿ ರಷ್ಯಾ ಕೈಬಿಟ್ಟಿತು. ರಷ್ಯಾದ ದೂತ ಚೆರ್ನೊಮಿರ್ಡಿನ್ ಮತ್ತು ಫಿನ್ಲೆಂಡಿನ ಅಧ್ಯಕ್ಷ ಅಹ್ತಿಸಾರಿ ಒಟ್ಟಿಗೆ ಬೆಲ್‌ಗ್ರೇಡ್‌ಗೆ ಹೋಗಿ ಷರತ್ತು ಮುಂದಿಟ್ಟಾಗ, ತನಗೆ ಇನ್ನು ಯಾರೂ ಇಲ್ಲ ಅಂತ ಅವರಿಗೆ ಅರ್ಥವಾಯಿತು. ಜೂನ್ 10ರಂದು ಕೊಸೊವೊವನ್ನು ವಿಶ್ವಸಂಸ್ಥೆಯ ಆಡಳಿತಕ್ಕೆ ಕೊಡುವ ಭದ್ರತಾ ಮಂಡಳಿಯ 1244ನೇ ನಿರ್ಣಯ ಬಂತು. ಆಮೇಲೆ ನೆಲಕ್ಕೆ ಸೈನ್ಯ ಇಳಿಯಲೇಬೇಕಾಯಿತು, ಸುಮಾರು 50,000 ಜನ. ಅಷ್ಟಿದ್ದೂ ಪ್ರತೀಕಾರದ ಭಯಕ್ಕೆ ಸರ್ಬರು, ರೋಮಾ ಜನ ಲಕ್ಷಕ್ಕೂ ಮೇಲ್ಪಟ್ಟು ಓಡಿಹೋದರು. 2004ರ ಗಲಭೆಯಲ್ಲಿ 19 ಜನ ಸತ್ತರು. 2008ರಲ್ಲಿ ಕೊಸೊವೊ ಸ್ವತಂತ್ರ ದೇಶ ಅಂತ ಘೋಷಿಸಿಕೊಂಡಿತು. ನ್ಯಾಟೊದ ಪಡೆ ಈಗಲೂ ಅಲ್ಲಿದೆ. ಬಾಂಬ್ ದಾಳಿಗೆ ಭದ್ರತಾ ಮಂಡಳಿಯ ಅನುಮತಿ ಇರಲಿಲ್ಲ. ಆಮೇಲೆ ಪರಿಶೀಲಿಸಿದ ಸ್ವತಂತ್ರ ಆಯೋಗ ಅದನ್ನು ಕಾನೂನುಬಾಹಿರ, ಆದರೆ ನ್ಯಾಯಸಮ್ಮತ ಅಂತ ಕರೆಯಿತು. ಆ ತೀರ್ಪು ನನಗೆ ಸಮಾಧಾನ ಕೊಡುವುದಿಲ್ಲ. ನಾಳೆ ಬೇರೆ ಯಾವ ದೊಡ್ಡ ದೇಶವಾದರೂ ಅದೇ ಮಾತು ಹೇಳಿಕೊಂಡು ಪಕ್ಕದ ದೇಶಕ್ಕೆ ನುಗ್ಗಬಹುದು. ಆದರೆ ವೀಟೊ ಇರುವ ತನಕ ಮಂಡಳಿಗಾಗಿ ಕಾಯುವುದೂ ಕೆಲವು ಸಲ ಜನ ಸಾಯುವುದನ್ನು ನೋಡುವುದೇ ಆಗುತ್ತದೆ. ಈ ಗಂಟನ್ನು ಇದುವರೆಗೆ ಯಾರೂ ಬಿಡಿಸಿಲ್ಲ.

ನೀವು ಕೇಳದೇ ಇದ್ದರೂ ಬೋಸ್ನಿಯಾ ಬಗ್ಗೆ ಹೇಳಲೇಬೇಕು. ಅರೆಮನಸ್ಸಿನ ಎಲ್ಲ ದಾರಿಗಳನ್ನೂ ಅಲ್ಲಿ ಒಂದಾದ ಮೇಲೆ ಒಂದು ಪ್ರಯೋಗಿಸಿ ನೋಡಿದರು. 1991ರಲ್ಲಿ ಇಡೀ ಯುಗೊಸ್ಲಾವಿಯಾಕ್ಕೆ ಶಸ್ತ್ರ ನಿರ್ಬಂಧ ಹಾಕಿದರು. ಕೇಳಲು ನ್ಯಾಯವಾಗಿಯೇ ಇದೆ. ಆದರೆ ಯುಗೊಸ್ಲಾವ್ ಸೈನ್ಯದ ಉಗ್ರಾಣ ಆಗಲೇ ಸರ್ಬರ ಕೈಯಲ್ಲಿತ್ತು, ಬೋಸ್ನಿಯಾದ ಸರ್ಕಾರದ ಕೈ ಬರಿದಾಗಿತ್ತು. ಎಲ್ಲರಿಗೂ ಒಂದೇ ನಿಯಮ ಅಂದಾಗ ಬಲಿಷ್ಠನಿಗೆ ಲಾಭವಾಯಿತು. ವಿಶ್ವಸಂಸ್ಥೆಯ ಪಡೆ ಹೋಯಿತು, ಅದರ ಮೊದಲ ದಂಡನಾಯಕರು ನಮ್ಮವರೇ, ಲೆಫ್ಟಿನೆಂಟ್ ಜನರಲ್ ಸತೀಶ್ ನಂಬಿಯಾರ್. ಶಾಂತಿಯೇ ಇಲ್ಲದ ಕಡೆ ಶಾಂತಿ ಕಾಯುವ ಕೆಲಸ ಅದು.

1993ರಲ್ಲಿ ಸ್ರೆಬ್ರೆನಿಚಾ ಸೇರಿ ಆರು ಪಟ್ಟಣಗಳನ್ನು "ಸುರಕ್ಷಿತ ಪ್ರದೇಶ" ಅಂತ ಘೋಷಿಸಿದರು. ಅವನ್ನು ನಿಜವಾಗಿ ಕಾಯಲು 34,000 ಸೈನಿಕರು ಬೇಕು ಅಂತ ವಿಶ್ವಸಂಸ್ಥೆಯ ಅಧಿಕಾರಿಗಳು ಲೆಕ್ಕ ಕೊಟ್ಟರು. ಸದಸ್ಯ ದೇಶಗಳು ಒಪ್ಪಿದ್ದು 7,600ಕ್ಕೆ. 1995ರ ಜುಲೈಯಲ್ಲಿ ಸ್ರೆಬ್ರೆನಿಚಾದಲ್ಲಿ ಇದ್ದದ್ದು ನೆದರ್ಲೆಂಡ್ಸಿನ ನಾನೂರರಷ್ಟು ಸೈನಿಕರು. ಸರ್ಬ್ ಪಡೆಗಳು ಅವರ ಇಂಧನದ ಲಾರಿಗಳನ್ನೇ ಬಿಡುತ್ತಿರಲಿಲ್ಲ, ಹಾಗಾಗಿ ಕಾಲ್ನಡಿಗೆಯಲ್ಲೇ ಗಸ್ತು. ಬೋಸ್ನಿಯಾ ಸರ್ಬರ ಸೇನಾಪತಿ ಮ್ಲಾಡಿಚ್‌ನ ಪಡೆ ಮುಂದೆ ಬಂದಾಗ ಡಚ್ ಸೈನಿಕರು ವಿಮಾನದ ನೆರವು ಕೇಳುತ್ತಲೇ ಇದ್ದರು. ಅನುಮತಿ ಮೇಲಿನಿಂದ ಮೇಲೆ ಹೋಗಿ ಬರುವಷ್ಟರಲ್ಲಿ ಜುಲೈ 11 ಆಗಿತ್ತು. ಬಿದ್ದದ್ದು ಬೆರಳೆಣಿಕೆಯ ಬಾಂಬ್. ಆಮೇಲೆ ಒತ್ತೆಯಾಳಾಗಿ ಹಿಡಿದ ಡಚ್ ಸೈನಿಕರನ್ನು ಕೊಲ್ಲುತ್ತೇವೆ ಅಂತ ಬೆದರಿಕೆ ಬಂತು, ದಾಳಿ ನಿಂತಿತು. ಮುಂದಿನ ದಿನಗಳಲ್ಲಿ ಸುಮಾರು 8,000 ಗಂಡಸರನ್ನೂ ಹುಡುಗರನ್ನೂ ಕೊಂದರು. "ಇಲ್ಲಿ ಬನ್ನಿ, ಸುರಕ್ಷಿತ" ಅಂತ ಹೇಳಿ ಜನರನ್ನು ಒಂದೆಡೆ ಸೇರಿಸಿ, ಕಾಯುವ ಶಕ್ತಿಯನ್ನೇ ಕೊಡದೆ ಇರುವುದು ಏನೂ ಮಾಡದೆ ಇರುವುದಕ್ಕಿಂತ ಕೆಟ್ಟದ್ದು. ನಾನು ಅಧಿಕಾರಿಗಳಿಗೆ ಒತ್ತಿ ಒತ್ತಿ ಹೇಳುವ ಮಾತು ಇದು. ಕಾಯಲಾಗದ ಮಾತು ಕೊಡಬೇಡಿ, ಜನ ಅದನ್ನು ನಂಬಿ ಅಲ್ಲೇ ಉಳಿದುಬಿಡುತ್ತಾರೆ.

ಕೆಲವೇ ವಾರಗಳಲ್ಲಿ ಚಿತ್ರ ಬದಲಾಯಿತು. ಆಗಸ್ಟ್ 30ರಿಂದ ನ್ಯಾಟೊ ಮೂರು ವಾರ ಬಾಂಬ್ ದಾಳಿ ಮಾಡಿತು, ನವೆಂಬರ್‌ನಲ್ಲಿ ಯುದ್ಧ ನಿಲ್ಲಿಸಿದ ಡೇಟನ್ ಒಪ್ಪಂದವಾಯಿತು. ಬಾಂಬ್‌ನಿಂದಲೇ ಆಯಿತು ಅಂತ ಅನೇಕರು ಹೇಳುತ್ತಾರೆ. ನಿಜವಾಗಿ ಮೂರು ವಿಷಯ ಕೂಡಿಬಂದವು. ಕ್ರೊಯೇಷಿಯಾ ಮತ್ತು ಬೋಸ್ನಿಯಾದ ಸೈನ್ಯಗಳು ನೆಲದ ಮೇಲೆ ಮುಂದೊತ್ತಿ, 70 ಪ್ರತಿಶತದಷ್ಟು ನೆಲ ಹಿಡಿದಿದ್ದ ಸರ್ಬ್ ಪಡೆಯನ್ನು ಅರ್ಧಕ್ಕೆ ತಳ್ಳಿದ್ದವು. ಮಾತುಕತೆಯ ನಕ್ಷೆಯಲ್ಲಿ ಬರೆದದ್ದೂ 51-49ರ ಹಂಚಿಕೆ, ಅಂದರೆ ಕಾಗದದ ಗೆರೆ ಮತ್ತು ನೆಲದ ಗೆರೆ ಹೆಚ್ಚುಕಮ್ಮಿ ಒಂದೇ ಆಗಿದ್ದವು. ಮೂರನೆಯದಾಗಿ, ಬೋಸ್ನಿಯಾದ ಸರ್ಬರ ಪರವಾಗಿ ಸಹಿ ಹಾಕುವ ಅಧಿಕಾರವನ್ನು ಆ ಸರ್ಬ್ ನಾಯಕರಿಂದಲೇ ಮಿಲೊಸೆವಿಚ್ ಬರೆಸಿಕೊಂಡಿದ್ದರು. ಅವರು ಒಳ್ಳೆಯವರಂತೂ ಆಗಿರಲಿಲ್ಲ. ಆದರೆ ಅವರ ಸಹಿ ನಡೆಯುತ್ತಿತ್ತು. ಅದಾದ ಮೇಲೆ ಹೋದ 60,000 ಸೈನಿಕರಿಗೆ ಯುದ್ಧ ಮಾಡುವ ಪ್ರಸಂಗ ಬರಲಿಲ್ಲ. ಅದೇ ಡೇಟನ್ ದೇಶವನ್ನು ಜನಾಂಗದ ಲೆಕ್ಕದಲ್ಲೇ ಹಂಚಿತು, ಆಡಳಿತ ಇವತ್ತಿಗೂ ಅಲ್ಲೇ ಸಿಕ್ಕಿಹಾಕಿಕೊಂಡಿದೆ. ಯುದ್ಧ ನಿಲ್ಲಿಸಲು ತೆತ್ತ ಬೆಲೆ ಅದು.

ಸುಮ್ನೆ ನೋಡುತ್ತಾ ಕೂರುವುದು ಸರಿಯಾ ಅಂತ ಕೇಳಿದಿರಿ. ಸರಿಯಲ್ಲ. ರುವಾಂಡಾದಲ್ಲಿ ನೋಡುತ್ತಾ ಕೂತಿದ್ದರು. 1994ರ ಜನವರಿಯಲ್ಲೇ ವಿಶ್ವಸಂಸ್ಥೆಯ ದಂಡನಾಯಕ ಡಲೇರ್ ಶಸ್ತ್ರಗಳ ಅಡಗುತಾಣ ಪತ್ತೆಯಾಗಿದೆ, ದಾಳಿ ಮಾಡುತ್ತೇನೆ ಅಂತ ತಂತಿ ಕಳಿಸಿದರು. ವಿಶ್ವಸಂಸ್ಥೆಯ ಕೇಂದ್ರ ಕಚೇರಿಯವರು ಬೇಡ ಅಂದರು. ಏಪ್ರಿಲ್‌ನಲ್ಲಿ ಟುಟ್ಸಿ ಜನಾಂಗದ ಹತ್ಯಾಕಾಂಡ ಶುರುವಾಗಿ ಬೆಲ್ಜಿಯಂನ 10 ಸೈನಿಕರು ಸತ್ತಾಗ, 2,500ರಷ್ಟಿದ್ದ ಪಡೆಯನ್ನು 270ಕ್ಕೆ ಇಳಿಸಲು ಭದ್ರತಾ ಮಂಡಳಿ ನಿರ್ಣಯ ಮಾಡಿತು. ಸುಮಾರು 8 ಲಕ್ಷ ಜನ ಸತ್ತರು. ಯಾರನ್ನು ಕೊಲ್ಲಬೇಕು, ಎಲ್ಲಿ ಅಡಗಿದ್ದಾರೆ ಅಂತ ರೇಡಿಯೊದಲ್ಲಿ ಹೇಳುತ್ತಿದ್ದರು. ಆ ರೇಡಿಯೊವನ್ನಾದರೂ ಬಾಯಿ ಮುಚ್ಚಿಸಬಹುದಿತ್ತು, ಅದನ್ನೂ ಮಾಡಲಿಲ್ಲ.

ಹೊರಗಿನವರು ಬಹುಮಟ್ಟಿಗೆ ಸರಿಯಾಗಿ ಮಾಡಿದ್ದು ಯಾವುದು ಅಂತ ಕೇಳಿದರೆ ನಾನು ಪೂರ್ವ ತಿಮೋರ್ ಹೆಸರು ಹೇಳುತ್ತೇನೆ. 1999ರ ಆಗಸ್ಟ್ 30ರಂದು ಅಲ್ಲಿನ 78.5 ಪ್ರತಿಶತ ಜನ ಇಂಡೊನೇಷ್ಯಾದಿಂದ ಬೇರೆಯಾಗಲು ಮತ ಹಾಕಿದರು. ಇಂಡೊನೇಷ್ಯಾದ ಬೆಂಬಲವಿದ್ದ ಗುಂಪುಗಳು ಊರೂರು ಸುಟ್ಟವು, ಸಾವಿರಕ್ಕೂ ಜಾಸ್ತಿ ಜನ ಸತ್ತರು. ಆಗ ಯಾರೂ ಮೊದಲೇ ನುಗ್ಗಲಿಲ್ಲ. ಅಮೆರಿಕ ಸೈನಿಕ ಸಂಬಂಧ ಕಡಿದುಕೊಂಡಿತು. ಆರ್ಥಿಕ ಬಿಕ್ಕಟ್ಟಿನಲ್ಲಿದ್ದ ಜಕಾರ್ತಾಕ್ಕೆ ಸಾಲ ನಿಲ್ಲುವ ಸೂಚನೆ ಅಂತರರಾಷ್ಟ್ರೀಯ ಹಣಕಾಸು ಸಂಸ್ಥೆಗಳಿಂದ ಬಂತು. ಸೆಪ್ಟೆಂಬರ್ 12ರಂದು ಅಧ್ಯಕ್ಷ ಹಬೀಬಿ ವಿದೇಶಿ ಪಡೆಗೆ ಒಪ್ಪಿದರು, 15ರಂದು ಭದ್ರತಾ ಮಂಡಳಿ ಬಲಪ್ರಯೋಗಕ್ಕೆ ಪೂರ್ಣ ಅನುಮತಿ ಕೊಟ್ಟಿತು, 20ರಂದು ಆಸ್ಟ್ರೇಲಿಯಾ ನೇತೃತ್ವದ ಪಡೆ ಇಳಿಯಿತು. ಒತ್ತಡ, ಒಪ್ಪಿಗೆ, ಕಾನೂನಿನ ಅನುಮತಿ, ಸಾಕಷ್ಟು ಬಲ ಎಲ್ಲ ಆ ಕ್ರಮದಲ್ಲೇ ಬಂದವು. ಮತದಾನಕ್ಕೆ ಮೊದಲೇ ಆ ಪಡೆ ಅಲ್ಲಿದ್ದಿದ್ದರೆ ಸತ್ತವರಲ್ಲಿ ಎಷ್ಟೋ ಜನ ಬದುಕುತ್ತಿದ್ದರು. ಆ ನೋವು ಉಳಿದೇ ಉಳಿಯುತ್ತದೆ.

ಶ್ರೀಲಂಕಾದಲ್ಲೂ ದಾರಿ ಮುಗಿದಿಲ್ಲ. 1987ರ ಒಪ್ಪಂದದಿಂದ ಬಂದ, ಪ್ರಾಂತ್ಯ ಮಂಡಳಿಗಳಿಗೆ ಅಧಿಕಾರ ಕೊಡುವ 13ನೇ ತಿದ್ದುಪಡಿ ಸಂವಿಧಾನದಲ್ಲಿ ಈಗಲೂ ಇದೆ. ಜೋಡಿಸಿದ್ದ ಉತ್ತರ ಮತ್ತು ಪೂರ್ವ ಪ್ರಾಂತ್ಯಗಳನ್ನು 2006ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್ ಬೇರೆ ಮಾಡಿತು. 2002ರಲ್ಲಿ ನಾರ್ವೆ ಮಾಡಿಸಿದ ಕದನ ವಿರಾಮ 2008ರ ಜನವರಿಗೆ ಕೊನೆಯಾಯಿತು, 2009ರ ಮೇಯಲ್ಲಿ ಯುದ್ಧ ಮುಗಿಯಿತು. ಉತ್ತರ ಪ್ರಾಂತ್ಯಕ್ಕೆ ಮಂಡಳಿಯ ಮೊದಲ ಚುನಾವಣೆ ನಡೆದದ್ದು 2013ರಲ್ಲಿ. 2018ರಲ್ಲಿ ಅದರ ಅವಧಿ ಮುಗಿದ ಮೇಲೆ ವರ್ಷಗಟ್ಟಲೆ ಮತ್ತೆ ಚುನಾವಣೆಯೇ ಇಲ್ಲ. ಪೊಲೀಸ್ ಮತ್ತು ಜಮೀನಿನ ಅಧಿಕಾರ ಪ್ರಾಂತ್ಯಗಳ ಕೈಗೆ ಪೂರ್ತಿ ಸಿಕ್ಕಿಲ್ಲ. ಅದನ್ನು ಕೊಲಂಬೊಗೆ ನೆನಪಿಸುತ್ತಲೇ ಇರಬೇಕಾದ್ದು ಆ ಒಪ್ಪಂದಕ್ಕೆ ಸಹಿ ಹಾಕಿದ ನಮ್ಮ ಕೆಲಸ. ಸಾಲ ಕೊಡುವಾಗ, ರೈಲು ಮಾರ್ಗ ಹಾಕಿಕೊಡುವಾಗ, ಪ್ರತಿ ಪ್ರವಾಸದಲ್ಲೂ, ಗದರಿಸದೆ, ಬಿಡದೆ.